ಅಮ್ಮನ ಕೈಪಟ್ಟಿ ಮತ್ತು ಒಂದು ಸೊನ್ನೆ

ಹೋದ ದೀಪಾವಳಿಗೆ ಮಗಳು ನನಗೊಂದು ಸ್ಮಾರ್ಟ್‌ವಾಚ್ ತಂದಳು. ಅಜ್ಜಿಗೆ ಅಂತ ಇನ್ನೊಂದು ವಸ್ತುವಿಗೆ ತಿಂಗಳು ಮೊದಲೇ ಬ್ಯಾಂಕಿನಲ್ಲಿ ಅರ್ಜಿ ಹಾಕಿಸಿದ್ದಳು. ನೋಡೋಕೆ ಮಕ್ಕಳ ಆಟಿಕೆ ಗಡಿಯಾರದ ಪಟ್ಟಿಯ ಹಾಗೆ, ಕಪ್ಪು ರಬ್ಬರಿನದು. ಮುಳ್ಳಿಲ್ಲ, ಪರದೆಯಿಲ್ಲ, ಚಾರ್ಜ್ ಮಾಡುವ ಗೋಜೂ ಇಲ್ಲ. ಒಳಗೊಂದು ಪುಟ್ಟ ಚಿಪ್ ಅಷ್ಟೇ. ಅಂಗಡಿಯ ಕಾರ್ಡ್ ಯಂತ್ರದ ಹತ್ತಿರ ಕೈ ಹಿಡಿದರೆ ಅಮ್ಮನ ಉಳಿತಾಯ ಖಾತೆಯಿಂದ ಹಣ ಹೋಗುತ್ತದೆ.

ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಗಡಿಯಾರ ಇಲ್ಲದ ಪಟ್ಟಿ ತಗೊಂಡು ಏನ್ ಮಾಡ್ಲಿ ತಮ್ಮಾ? ಇದ್ರಾಗ ರೊಕ್ಕ ಎಲ್ಲೈತಿ?" ಅಂದಳು. ಅಪ್ಪ ಹೋದ ಮೇಲೆ ಹನ್ನೊಂದು ವರ್ಷದಿಂದ ಖಾಲಿ ಇದ್ದ ಕೈ ಅದು. ಮೊಮ್ಮಗಳು ಕಟ್ಟಿದಳು ಅಂತ ಬಿಚ್ಚಲಿಲ್ಲ.

ನಾನು ಬ್ಯಾಂಕಿನವನು. ಬಿಕಾಂ ಮುಗಿಸಿ ಕ್ಲರ್ಕ್ ಆಗಿ ಸೇರಿ, ಬಡ್ತಿಯ ಮೇಲೆ ಪುಣೆಗೆ ಬಂದು ಇಪ್ಪತ್ತೇಳು ವರ್ಷ ಆಯ್ತು. ಮರಾಠಿ ಈಗ ಕನಸಿನಲ್ಲೂ ಬರುತ್ತದೆ (ಹೆಂಡತಿ ಹೇಳಿದ್ದು). ಅಮ್ಮ ಮಾತ್ರ ಬ್ಯಾಡಗಿಯಿಂದ ಬಂದು ಆರು ವರ್ಷವಾದರೂ "ಕಿತಿ?" ಅನ್ನುವ ಒಂದು ಶಬ್ದ ಬಿಟ್ಟು ಮರಾಠಿ ಕಲಿಯಲಿಲ್ಲ. ಎಷ್ಟು ಅಂತ ಕೇಳೋದು ಗೊತ್ತು, ಬಂದ ಉತ್ತರ ತಿಳಿಯೋದಿಲ್ಲ! ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು. ಅವರ ಫ್ಯಾಮಿಲಿ ಪೆನ್ಷನ್ ಅಮ್ಮನ ಖಾತೆಗೆ ಬರುತ್ತದೆ. ಖಾತೆ ಅವಳದು, ಆದರೆ ಹಣ ತೆಗೆಯಬೇಕೆಂದರೆ ನಾನೋ ನನ್ನ ಹೆಂಡತಿಯೋ ಬೇಕು. ಕೈ ನಡುಗುತ್ತದೆ, ಪಿನ್ ಒತ್ತುವಾಗ ಪಕ್ಕದ ಅಂಕಿ ಬೀಳುತ್ತದೆ, ಮೂರು ಸಲ ತಪ್ಪಿದರೆ ಕಾರ್ಡ್ ಬಂದ್. ಬೆರಳಚ್ಚಿನ ಕತೆ ಕೇಳಲೇಬೇಡಿ. ಅರವತ್ತು ವರ್ಷ ಪಾತ್ರೆ ತಿಕ್ಕಿ, ಮೆಣಸಿನಕಾಯಿ ತೊಟ್ಟು ಮುರಿದ ಬೆರಳುಗಳಲ್ಲಿ ಗೆರೆಗಳೇ ಉಳಿದಿಲ್ಲ. ಪ್ರತಿ ನವೆಂಬರ್‌ನಲ್ಲಿ ಪೆನ್ಷನ್ನಿಗೆ ಜೀವನ ಪ್ರಮಾಣ ಕೊಡುವಾಗ ಯಂತ್ರ ಅಮ್ಮನನ್ನು ಗುರುತಿಸುತ್ತಿರಲಿಲ್ಲ. 2021ರಲ್ಲಿ ಮುಖ ನೋಡಿ ಗುರುತಿಸುವ ವ್ಯವಸ್ಥೆ ಬಂದ ಮೇಲೆ ಆ ತಾಪತ್ರಯ ತಪ್ಪಿತು.

ಹಾಗಾಗಿ ಈ ಪಟ್ಟಿ ಅಮ್ಮನಿಗೆ ನಿಜಕ್ಕೂ ಒಂದು ಬಿಡುಗಡೆ. ಪಿನ್ ಬೇಡ, ಬೆರಳು ಬೇಡ, ಭಾಷೆ ಬೇಡ. ಮೊದಲ ದಿನ ಕೆಳಗಿನ ಔಷಧಿ ಅಂಗಡಿಗೆ ಒಬ್ಬಳೇ ಹೋಗಿ ಬಿಪಿ ಮಾತ್ರೆ ತಂದಾಗ ಅವಳ ಮುಖ ನೋಡಬೇಕಿತ್ತು. "ಸೊಸಿಗೆ ಹೇಳಬೇಕಾಗಿಲ್ಲ, ಹೌದಿಲ್ಲೋ?" ಅಂದಳು. ನನ್ನ ಹೆಂಡತಿ ಅದನ್ನು ಕೇಳಿಸಿಕೊಂಡಳು ಅನ್ನೋದು ಬೇರೆ ಮಾತು.

ನನ್ನ ವಾಚಿನ ಗತಿ ಹೇಳಿಬಿಡ್ತೀನಿ. ನಾಡಿ ಬಡಿತ, ನಿದ್ದೆ, ನಡೆದ ಹೆಜ್ಜೆ ಎಲ್ಲದರ ಲೆಕ್ಕ ಕೊಡುತ್ತದೆ. ಹಣ ಕೊಡುವ ಚಿಪ್ಪೂ ಒಳಗಿದೆಯಂತೆ, ಆದರೆ ಆ ಸೌಲಭ್ಯ ನಮ್ಮ ದೇಶದಲ್ಲಿ ಶುರು ಮಾಡಿಲ್ಲ ಅಂತ ಡಬ್ಬಿಯೊಳಗಿನ ಕಾಗದದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿದ್ದರು. ಶುರುವಾದರೂ ಪುಣೆಯ ಅಮೃತತುಲ್ಯ ಚಹಾದ ಅಂಗಡಿಯಲ್ಲಿ ಅದು ಕೆಲಸಕ್ಕೆ ಬಾರದು, ಅಲ್ಲಿ ಕ್ಯೂಆರ್ ಅಂಟಿಸಿದ ಹಲಗೆ ಬಿಟ್ಟರೆ ಬೇರೆ ಯಂತ್ರವಿಲ್ಲ.

ಈ ಕೈಗೆ ಕಟ್ಟುವ ಹಣದ ವ್ಯವಹಾರ ಇಲ್ಲಿ ತೀರಾ ಹೊಸದೇನಲ್ಲ. 2020ರ ಸೆಪ್ಟೆಂಬರ್‌ನಲ್ಲಿ, ಕೊರೊನಾದ ನಡುವೆ, ಟೈಟನ್ ಮತ್ತು ಸ್ಟೇಟ್ ಬ್ಯಾಂಕ್ ಸೇರಿ ಪಟ್ಟಿಯಲ್ಲೇ ಚಿಪ್ ಇರುವ ಗಡಿಯಾರಗಳನ್ನು ಬಿಡುಗಡೆ ಮಾಡಿದ್ದವು. ಟೈಟನ್ ಅಂದರೆ ನಮ್ಮ ಗಡಿಯಾಚೆಯ ಹೊಸೂರು ತಾನೇ. ಮುಂದೆ ಬೇರೆ ಬ್ಯಾಂಕುಗಳೂ ಪಟ್ಟಿ, ಕೀಚೈನ್ ಅಂತ ತಂದವು. 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಟೋಕನ್ ಪದ್ಧತಿಯನ್ನು ಕೈಗಡಿಯಾರ, ಪಟ್ಟಿಗಳಿಗೂ ವಿಸ್ತರಿಸಿತು. ಟೋಕನ್ ಅಂದರೆ ನಿಮ್ಮ ಕಾರ್ಡಿನ ನಿಜವಾದ ಸಂಖ್ಯೆಯ ಬದಲು ಇನ್ನೊಂದು ಸಂಖ್ಯೆ ಅಂಗಡಿಯ ಯಂತ್ರಕ್ಕೆ ಹೋಗುವುದು. ಅದನ್ನು ಯಾರಾದರೂ ಕದ್ದರೂ ಬೇರೆ ಕಡೆ ಉಪಯೋಗವಿಲ್ಲ. ಬಸ್ಸಿನಲ್ಲಿ ಪಕ್ಕ ನಿಂತವನು ಯಂತ್ರ ಹಿಡಿದು ಹಣ ಎಳೆದುಬಿಡುತ್ತಾನೆ ಅಂತ ವಾಟ್ಸಾಪಿನಲ್ಲಿ ಹೆದರಿಸುತ್ತಾರಲ್ಲ, ಆ ಭಯ ನನಗೆ ಅಷ್ಟಿಲ್ಲ. ಕೆಲವೇ ಸೆಂಟಿಮೀಟರ್ ಹತ್ತಿರ ಹಿಡಿಯಬೇಕು, ಮೇಲಾಗಿ ಆ ಯಂತ್ರ ಯಾವುದೋ ಒಬ್ಬ ವ್ಯಾಪಾರಿಯ ಹೆಸರಿನಲ್ಲಿ, ಖಾತೆಯ ಸಮೇತ ನೋಂದಣಿ ಆಗಿರುತ್ತದೆ. ಕಳ್ಳನಿಗೆ ಇಷ್ಟು ವಿಳಾಸ ಕೊಟ್ಟು ಕದಿಯುವ ದರ್ದಿಲ್ಲ.

ಆದರೆ ಗಿರಾಕಿಗಳಿಗೆ ನಾವು ಸರಿಯಾಗಿ ಹೇಳದ ಒಂದು ವ್ಯತ್ಯಾಸ ಇದೆ. ಹಣ ಕೊಡುವ ಸ್ಮಾರ್ಟ್‌ವಾಚುಗಳಲ್ಲಿ ಬೀಗ ಇಡಬಹುದು, ಒಳ್ಳೆಯ ವಾಚಾದರೆ ಕೈಯಿಂದ ಬಿಚ್ಚಿದ ಕೂಡಲೇ ತಾನೇ ಬೀಗ ಹಾಕಿಕೊಳ್ಳುತ್ತದೆ. ಅಮ್ಮನ ಪಟ್ಟಿಯಂಥದಕ್ಕೆ ಬೀಗವಿಲ್ಲ. ಯಾರ ಕೈಯಲ್ಲಿದೆಯೋ ಅವರದೇ ಹಣ. ಪಿನ್ ಇಲ್ಲದೆ ಒಂದು ಸಲಕ್ಕೆ ಹೋಗಬಹುದಾದ ಮೊತ್ತ 2015ರಲ್ಲಿ ₹2,000 ಇತ್ತು, 2021ರ ಜನವರಿ 1ರಿಂದ ₹5,000 ಆಯಿತು. ಅದಕ್ಕಿಂತ ಕಡಿಮೆ ಮಿತಿಯನ್ನು ನೀವೇ ಇಟ್ಟುಕೊಳ್ಳಬಹುದು, ಬೇಡವಾದರೆ ಪೂರ್ತಿ ಬಂದ್ ಮಾಡಬಹುದು. 2020ರ ಜನವರಿಯ ಸುತ್ತೋಲೆಯಲ್ಲೇ ರಿಸರ್ವ್ ಬ್ಯಾಂಕ್ ಈ ಹಕ್ಕು ಗಿರಾಕಿಗೆ ಕೊಡಿ ಅಂದಿದೆ. ಕೌಂಟರಿನಲ್ಲಿ ಕಾರ್ಡ್ ಕೊಡುವಾಗ ನಮ್ಮಲ್ಲಿ ಎಷ್ಟು ಜನ ಇದನ್ನು ಬಾಯಿಬಿಟ್ಟು ಹೇಳುತ್ತೇವೆ? ನಾನು ನನ್ನ ತಾಯಿಗೇ ಹೇಳಿರಲಿಲ್ಲ. ಅವಳ ಮಿತಿ ಐದು ಸಾವಿರಕ್ಕೇ ಇತ್ತು.

ಈಗ ಸೊನ್ನೆಯ ವಿಷಯಕ್ಕೆ ಬರ್ತೀನಿ.

ಸಂಕ್ರಾಂತಿಯ ಹಿಂದಿನ ವಾರ ಅಮ್ಮ ನಮ್ಮ ಓಣಿಯ ಕಿರಾಣಿ ಅಂಗಡಿಗೆ ಹೋಗಿದ್ದಾಳೆ. ಗಾಜಿನ ಹಿಂದೆ ಕೆಂಪು ಸುಕ್ಕು ಸುಕ್ಕಾದ ಮೆಣಸಿನಕಾಯಿ. ಪುಣೆಯ ಯಾವ ಕಿರಾಣಿಯಲ್ಲಿ ಕೇಳಿದರೂ "ಬ್ಯಾಡಗಿ" ಅಂತಲೇ ಮಾರುತ್ತಾರೆ. 2011ರಲ್ಲಿ ಜಿಐ ಮಾನ್ಯತೆ ಸಿಕ್ಕ ನಮ್ಮೂರ ಸರಕು. ಅಂಗಡಿಯವನಿಗೂ ಅಮ್ಮನಿಗೂ ನಡುವೆ ಪೂರ್ತಿ ಅರ್ಥವಾಗುವ ಶಬ್ದ ಅದೊಂದೇ ಇರಬೇಕು. ಅಮ್ಮ ತೊಟ್ಟು ಮುರಿದು, ಮೂಸಿ, ಕಾಲು ಕಿಲೋ ಕಟ್ಟಿಸಿಕೊಂಡು ಕೈ ಮುಂದೆ ಹಿಡಿದಿದ್ದಾಳೆ. ಯಂತ್ರ ಕುಂಯ್ ಅಂದಿದೆ. ಮನೆಗೆ ಬಂದಿದ್ದಾಳೆ.

ಸಂದೇಶ ಬಂದದ್ದು ನನ್ನ ಫೋನಿಗೆ. ಅಮ್ಮನ ಖಾತೆಗೆ ನನ್ನದೇ ನಂಬರ್ ಕೊಟ್ಟಿದ್ದೇನೆ, ನಮ್ಮಂಥ ಮನೆಗಳಲ್ಲೆಲ್ಲ ಹೀಗೇ. ಮೀಟಿಂಗಿನಲ್ಲಿದ್ದೆ, ನೋಡಿದ್ದು ಸಂಜೆ. ₹1,400! ₹140ರ ಮೆಣಸಿನಕಾಯಿಗೆ ಸೊನ್ನೆ ಒಂದು ಹೆಚ್ಚು ಒತ್ತಿದ್ದಾನೆ. ಅವನು ಕೆಟ್ಟ ಮನುಷ್ಯನಲ್ಲ. ಮರುದಿನ ಹೋಗಿ ತೋರಿಸಿದ ಕೂಡಲೇ ನಾಲಿಗೆ ಕಚ್ಚಿಕೊಂಡು, ₹1,260 ಎಣಿಸಿ ಕೊಟ್ಟು, ಮೇಲೊಂದು ಹಿಡಿ ಎಳ್ಳುಬೆಲ್ಲವನ್ನೂ ಕಟ್ಟಿಕೊಟ್ಟ.

ಹಣ ವಾಪಸ್ ಬಂತು, ಆದರೆ ಅಮ್ಮ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಅಂದದ್ದು ಇಷ್ಟೇ: "ನನ್ನ ಕೈಯಿಂದ ಹೋದ ರೊಕ್ಕ ಎಷ್ಟಂತ ಅವಗೂ ಗೊತ್ತಾತು, ನಿನಗೂ ಗೊತ್ತಾತು. ನನಗೊಬ್ಬಾಕಿಗೇ ಗೊತ್ತಿಲ್ಲ."

ಮೂವತ್ತು ವರ್ಷದ ಬ್ಯಾಂಕಿನ ನೌಕರಿಯಲ್ಲಿ ನನಗೆ ಹೊಳೆಯದ ಮಾತು ಅದು. ಯೋಚಿಸಿ ನೋಡಿ. ಮೊತ್ತ ಮೂಡುವುದು ಅಂಗಡಿಯ ಯಂತ್ರದ ಮೇಲೆ, ಆ ಯಂತ್ರದ ಮುಖ ಸಾಮಾನ್ಯವಾಗಿ ಅಂಗಡಿಯವನ ಕಡೆಗೆ. ಕಣ್ಣಿನ ಪೊರೆ ತೆಗೆಸಿಕೊಂಡ ಅಮ್ಮನಿಗೆ ಆ ಮಬ್ಬು ಪರದೆ ತಿರುಗಿಸಿ ಹಿಡಿದರೂ ಅಷ್ಟಕ್ಕಷ್ಟೇ. ಕ್ಯೂಆರ್ ಇರುವ ಅಂಗಡಿಗಳಲ್ಲಿ ಡಬ್ಬಿಯೊಂದು ಇಷ್ಟು ರೂಪಾಯಿ ಬಂತು ಅಂತ ಕೂಗುತ್ತದಲ್ಲ, ಅದನ್ನು ಮಾಡಿದ್ದು ವ್ಯಾಪಾರಿಗಾಗಿ. ಅದೂ ಹಣ ಹೋದ ಮೇಲೆ, ಅವನ ಭಾಷೆಯಲ್ಲಿ. ಕೊಡುವವರಿಗೆ ಕೊಡುವ ಮೊದಲೇ ಹೇಳುವ ಡಬ್ಬಿ ಯಾವ ಅಂಗಡಿಯಲ್ಲೂ ನಾನು ಕಂಡಿಲ್ಲ.

ಹಳೆಯ ನೋಟು ಈ ವಿಷಯದಲ್ಲಿ ಎಷ್ಟು ಮೇಲು ನೋಡಿ. ನೂರರ ನೋಟಿನ ಹಿಂಬದಿಯಲ್ಲಿ ಹದಿನೈದು ಭಾಷೆಗಳ ಪಟ್ಟಿಯಿದೆ. ಅಸ್ಸಾಮಿ, ಬಂಗಾಳಿ, ಗುಜರಾತಿ ಆದ ಮೇಲೆ ನಾಲ್ಕನೆಯ ಸಾಲು ಕನ್ನಡ. ಪುಣೆಯಲ್ಲೇ ಚಲಾಯಿಸಿ, ಗುವಾಹಟಿಯಲ್ಲೇ ಚಲಾಯಿಸಿ, ಆ ಸಾಲು ಅಲ್ಲೇ ಇರುತ್ತದೆ. ನಮ್ಮ ಬ್ಯಾಂಕಿನ ಫಾರಂಗಳು ಮೂರು ಭಾಷೆಯಲ್ಲಿರಬೇಕು ಅನ್ನೋ ನಿಯಮವಿದೆ: ಹಿಂದಿ, ಇಂಗ್ಲಿಷ್ ಮತ್ತು ಪ್ರಾದೇಶಿಕ ಭಾಷೆ. ಇಲ್ಲಿ ಪ್ರಾದೇಶಿಕ ಅಂದರೆ ಮರಾಠಿ, ಅದು ಸರಿಯೇ. ಊರಿನ ಭಾಷೆಗೆ ಜಾಗ ಸಿಕ್ಕಿತು, ವಲಸೆ ಬಂದ ಮನುಷ್ಯಳ ಭಾಷೆಗೆ ಜಾಗ ಉಳಿದದ್ದು ನೋಟಿನ ಮೇಲೆ ಮಾತ್ರ. ಆ ನೋಟನ್ನೇ ಈಗ ಪಟ್ಟಿಯೊಳಗೆ ಕರಗಿಸಿ ಕೊಟ್ಟಿದ್ದೇವೆ.

ಇದು ಆಗದ ಕೆಲಸವೇನಲ್ಲ. ಹಣ ಕಳಿಸುವ ಫೋನ್ ಆ್ಯಪ್‌ಗಳು ಕನ್ನಡದಲ್ಲಿವೆ, ಪುಣೆಯಲ್ಲಿ ಕೂತು ಭಾಷೆ ಬದಲಿಸಿಕೊಂಡರೆ ಆಯ್ತು. ಹಾಗಿದ್ದ ಮೇಲೆ ಖಾತೆಯಲ್ಲೇ ಗಿರಾಕಿಯ ಭಾಷೆ ಬರೆದಿಟ್ಟು ಸಂದೇಶವನ್ನು ಆ ಭಾಷೆಯಲ್ಲಿ ಕಳಿಸಲು ಅಡ್ಡಿ ಏನು? ಕೇಳಿದರೆ ನಮ್ಮವರೇ ಒಂದು ಕಾರಣ ಹೇಳುತ್ತಾರೆ. ಇಂಗ್ಲಿಷಿನಲ್ಲಾದರೆ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ, ಕನ್ನಡ ಲಿಪಿಯಲ್ಲಾದರೆ 70, ಖರ್ಚು ಎರಡರಷ್ಟು. ಒಪ್ಪಿದೆ. ಆದರೆ ಆ ಸಂದೇಶಕ್ಕೆ ಶುಲ್ಕ ಹಿಡಿಯುವಾಗ ಓದಲು ಬರುತ್ತದೋ ಇಲ್ಲವೋ ಅಂತ ಯಾರನ್ನೂ ಕೇಳುವುದಿಲ್ಲವಲ್ಲ! ಪಟ್ಟಿ, ವಾಚು ಮಾಡುವವರಿಗೆ ನನ್ನದು ಇನ್ನೂ ಸಣ್ಣ ಕೋರಿಕೆ. ವಯಸ್ಸಾದವರಿಗೆ ಮಾರುವುದಾದರೆ ಪರದೆ ಇರುವುದನ್ನೇ ಮಾರಿ, ಹೋದ ಮೊತ್ತವನ್ನು ಹೆಬ್ಬೆರಳಿನಷ್ಟು ದೊಡ್ಡ ಅಂಕಿಯಲ್ಲಿ ತೋರಿಸಿ, ಸಾಧ್ಯವಾದರೆ ಬಾಯಿಬಿಟ್ಟು ಹೇಳಿಸಿ. ಇನ್ನು ಮಕ್ಕಳಾದ ನಮ್ಮ ಪಾಲಿನದು: ತಾಯಿಯ ಖಾತೆಗೆ ನಮ್ಮ ನಂಬರ್ ಕೊಟ್ಟಿದ್ದರೆ ಬಂದ ಸಂದೇಶವನ್ನು ಅವತ್ತೇ ಓದಿ ಹೇಳುವುದು. ನಾನು ತಿಂಗಳುಗಟ್ಟಲೆ ಹೇಳಿರಲಿಲ್ಲ. ಕೇಳದೆ ಇದ್ದದ್ದರಿಂದ ಬೇಕಾಗಿಲ್ಲ ಅಂದುಕೊಂಡಿದ್ದೆ.

ನನ್ನ ಸಹೋದ್ಯೋಗಿಯೊಬ್ಬರು, "ಇಷ್ಟಕ್ಕೆಲ್ಲ ಯಾಕೆ ಸರ್, ಪಟ್ಟಿ ಬಿಚ್ಚಿಸಿ ಇಟ್ಟುಬಿಡಿ" ಅಂದರು. ಬಿಚ್ಚಿಸುವುದು ಸುಲಭ. ಆಮೇಲೆ ಅಮ್ಮ ಮತ್ತೆ ಮಾತ್ರೆಗೆ ಸೊಸೆಯನ್ನು ಕೇಳಬೇಕು, ಸೊಸೆ ಆಫೀಸಿನಿಂದ ಬರುವವರೆಗೆ ಕಾಯಬೇಕು. ನಮ್ಮ ಸೊಸೈಟಿಯ ಗೇಟಿಗೂ ಈಗ ಬಿಲ್ಲೆ ಹಿಡಿದರೇ ಬಾಗಿಲು. ಬಿಲ್ಲೆ ಮರೆತು ಕೆಳಗೆ ಹೋದರೆ ವಾಚ್‌ಮನ್‌ಗೆ ಯಾವ ಮನೆ ಅಂತ ಹೇಳಲು ಅಮ್ಮನಿಗೆ ಮಾತು ಬರುವುದಿಲ್ಲ. ಬ್ಯಾಡಗಿಯ ಮನೆಗೆ ಚಿಲಕವೊಂದೇ ಇತ್ತು ಅನ್ನುತ್ತಾಳೆ. ಇರಲಿ, ಆ ಕಾಲಕ್ಕೆ ವಾಪಸ್ ಹೋಗುವಂತಿಲ್ಲ.

ಮಿತಿಯನ್ನು ₹500ಕ್ಕೆ ಇಳಿಸಿದ್ದೇನೆ. ಪಟ್ಟಿ ಕಳೆದರೆ ನಿಲ್ಲಿಸಲು ಕರೆ ಮಾಡಬೇಕಾದ ನಂಬರನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದ್ದೇನೆ. ರಾತ್ರಿ ಊಟಕ್ಕೆ ಕೂತಾಗ ಅವತ್ತಿನ ಸಂದೇಶಗಳನ್ನು ಓದಿ ಹೇಳುತ್ತೇನೆ. ಅಮ್ಮ ಅಪ್ಪನ ಹಳೆಯ ಶಾಲಾ ಡೈರಿಯೊಂದರ ಖಾಲಿ ಹಾಳೆಗಳಲ್ಲಿ ಪೆನ್ಸಿಲಿನಿಂದ, ಕನ್ನಡ ಅಂಕಿಗಳಲ್ಲಿ ಬರೆದುಕೊಳ್ಳುತ್ತಾಳೆ. ಔಷಧಿ ಅಂಗಡಿಯಲ್ಲಿ ಮೊದಲು ಮುದ್ರಿಸಿದ ಬಿಲ್ ಕೊಡುತ್ತಾರೆ, ಅಲ್ಲಿ ಪಟ್ಟಿ ನಡೆಯುತ್ತದೆ. ಮೆಣಸಿನಕಾಯಿಗೆ ಹೋಗುವಾಗ ಮಾತ್ರ ಸೆರಗಿನ ತುದಿಗೆ ನೋಟು ಕಟ್ಟಿಕೊಂಡು ಹೋಗುತ್ತಾಳೆ, ಚಿಲ್ಲರೆ ಎಣಿಸಿ ತರುತ್ತಾಳೆ.