ಪಿಕಪ್ ಎಂಜಿನ್ ಕೆಟ್ಟರೆ ಹೊಣೆ ಯಾರದು?

ಬೆಂಗಳೂರು: ಕೋಲಾರದ ಮಾರುಕಟ್ಟೆಯ ಟೊಮೆಟೊ, ಹಳ್ಳಿ ಡೇರಿಯ ಹಾಲಿನ ಕ್ಯಾನು, ಪಟ್ಟಣದ ಅಂಗಡಿಯ ಸಿಮೆಂಟ್ ಚೀಲ... ಇವೆಲ್ಲಕ್ಕೂ ಹೆಗಲು ಕೊಡುವುದು ಡೀಸೆಲ್ ಪಿಕಪ್ ವಾಹನ. ಇದರ ಮಾಲೀಕ ಬಹುಪಾಲು ಸಂದರ್ಭಗಳಲ್ಲಿ ತಾನೇ ಚಾಲಕ, ವಾಹನ ಸಾಲದ್ದು. ವಾಹನ ಒಂದು ದಿನ ನಿಂತರೆ ಅಂದಿನ ಬಾಡಿಗೆ ಹೋಯಿತು, ಒಂದು ವಾರ ನಿಂತರೆ ತಿಂಗಳ ಕಂತು ತಪ್ಪಿತು. ಆದ್ದರಿಂದಲೇ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿಹ್ನೆಯ ಹಳದಿ ದೀಪ ಹೊತ್ತಿಕೊಂಡ ಕ್ಷಣ ಆತನ ಎದೆ ನಡುಗುತ್ತದೆ.

ಈ ಆತಂಕ ಕೇವಲ ನಮ್ಮ ಚಾಲಕರದಲ್ಲ. ಅಮೆರಿಕ, ಆಸ್ಟ್ರೇಲಿಯಗಳಲ್ಲಿಯೂ ಡೀಸೆಲ್ ಪಿಕಪ್ ಮಾಲೀಕರು ಇದೇ ಪ್ರಶ್ನೆ ಹಿಡಿದು ನ್ಯಾಯಾಲಯದ ಮೆಟ್ಟಿಲೇರಿದ್ದಾರೆ. ಹಳೆಯ ಎಂಜಿನ್‌ಗಳಷ್ಟು ಹೊಸವು ಬಾಳಿಕೆ ಬರುವವೇ? ಕೆಟ್ಟರೆ ವೆಚ್ಚ ಭರಿಸಬೇಕಾದವರು ಯಾರು? ಅಲ್ಲಿನ ಪ್ರಕರಣಗಳಲ್ಲಿ ನಮಗೂ ಪಾಠಗಳಿವೆ.

ಬದಲಾದದ್ದು ಎಂಜಿನ್ ಅಲ್ಲ, ಅದರ ಸುತ್ತಲಿನದು

ಭಾರತ್ ಸ್ಟೇಜ್-4 ವಾಹನಗಳನ್ನು 2020ರ ಏಪ್ರಿಲ್ 1ರಿಂದ ಮಾರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್‌ನಲ್ಲಿ ತೀರ್ಪಿತ್ತಿತು. ಹಂತ-5ನ್ನು ಬಿಟ್ಟು ದೇಶ ನೇರವಾಗಿ ಹಂತ-6ಕ್ಕೆ ಜಿಗಿಯಿತು. ಡೀಸೆಲ್‌ನಲ್ಲಿನ ಗಂಧಕದ ಮಿತಿ ಹತ್ತು ಲಕ್ಷ ಭಾಗಕ್ಕೆ 50ರಿಂದ 10ಕ್ಕೆ ಇಳಿಯಿತು. 2023ರ ಏಪ್ರಿಲ್‌ನಿಂದ ಎರಡನೇ ಘಟ್ಟ ಜಾರಿಗೆ ಬಂದು, ವಾಹನದ ಹೊಗೆಯನ್ನು ಪ್ರಯೋಗಾಲಯದಲ್ಲಿ ಮಾತ್ರವಲ್ಲದೆ ರಸ್ತೆಯಲ್ಲಿ ಓಡುವಾಗಲೂ ಅಳೆಯುವ ನಿಯಮ ಅನ್ವಯವಾಯಿತು. ನಗರಗಳ ಗಾಳಿಯ ಸ್ಥಿತಿಯನ್ನು ನೋಡಿದರೆ ಈ ಕ್ರಮಗಳ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಇದರಿಂದ ಪಿಕಪ್‌ನ ಒಳರಚನೆ ಬಹಳಷ್ಟು ಬದಲಾಯಿತು. ಹಿಂದೆ ಯಾಂತ್ರಿಕ ಪಂಪ್, ನಾಲ್ಕು ಇಂಜೆಕ್ಟರ್ ಇದ್ದರೆ ಮುಗಿಯಿತು. ಕೆಟ್ಟರೆ ಊರಿನ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ಸರಿಪಡಿಸುತ್ತಿದ್ದ. ಈಗ ಸಾವಿರಕ್ಕೂ ಮಿಗಿಲಾದ ಬಾರ್ ಒತ್ತಡದಲ್ಲಿ ಇಂಧನ ಚಿಮ್ಮಿಸುವ ಕಾಮನ್ ರೈಲ್, ಹೊಗೆಯ ಒಂದಂಶವನ್ನು ಮರಳಿ ಎಂಜಿನ್ನಿಗೆ ಕಳುಹಿಸುವ ಇಜಿಆರ್, ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಶೋಧಕ ಇವೆ. ಕೆಲವು ಮಾದರಿಗಳಲ್ಲಿ ಯೂರಿಯಾ ದ್ರಾವಣ ಸಿಂಪಡಿಸುವ ವ್ಯವಸ್ಥೆಯೂ ಉಂಟು. ಎಲ್ಲದರ ಮೇಲೂ ಹತ್ತಾರು ಸೆನ್ಸರ್‌ಗಳ ಕಾವಲು. ಪಿಸ್ಟನ್, ಕ್ರ್ಯಾಂಕ್ ಗಟ್ಟಿಯಾಗಿದ್ದರೂ ಈ ಸುತ್ತಲಿನ ಭಾಗಗಳಲ್ಲಿ ಒಂದು ಮುನಿಸಿಕೊಂಡರೆ ವಾಹನ ನಿಲ್ಲುತ್ತದೆ. ಮಾಲೀಕ ‘ಎಂಜಿನ್ ಹೋಯಿತು’ ಎನ್ನುತ್ತಾನೆ.

ಮಸಿ ಸುಡುವ ಕಷ್ಟ

ಡಿಪಿಎಫ್ ಶೋಧಕದಲ್ಲಿ ಸೇರಿದ ಮಸಿಯನ್ನು ಆಗಾಗ ಸುಟ್ಟು ಬರಿದು ಮಾಡಬೇಕು. ಇದಕ್ಕೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ತಾಪ ಬೇಕು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿದರೆ ಈ ಕೆಲಸ ಸಲೀಸಾಗಿ ಮುಗಿಯುತ್ತದೆ. ಆದರೆ ಮನೆಮನೆಗೆ ನೀರಿನ ಕ್ಯಾನು ಇಳಿಸುವ, ನೂರು ಮೀಟರಿಗೊಮ್ಮೆ ನಿಲ್ಲುವ ವಾಹನಕ್ಕೆ ಆ ಅವಕಾಶವೆಲ್ಲಿ? ಆಗ ಎಂಜಿನ್ ತಾನಾಗಿಯೇ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ ಶಾಖ ಏರಿಸಲು ಯತ್ನಿಸುತ್ತದೆ. ಅಷ್ಟರಲ್ಲಿ ಚಾಲಕ ಕೀಲಿ ತಿರುಗಿಸಿ ನಿಲ್ಲಿಸಿದನೆಂದರೆ ಸುಡುವ ಕಾರ್ಯ ಅರ್ಧಕ್ಕೇ ನಿಲ್ಲುತ್ತದೆ.

ನಿಜವಾದ ಅಪಾಯ ಇಲ್ಲಿಂದ ಆರಂಭ. ಕೆಲವು ಎಂಜಿನ್‌ಗಳಲ್ಲಿ ಸುಡದೆ ಉಳಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಮಟ್ಟ ಏರಿರುತ್ತದೆ. ‘ಆಯಿಲ್ ಒಂದಿಷ್ಟೂ ಕುಡಿದಿಲ್ಲ’ ಎಂದು ಚಾಲಕ ಸಂತೋಷಪಡುವ ಹೊತ್ತಿಗೆ ಆ ಆಯಿಲ್ ತೆಳುವಾಗಿ, ಟರ್ಬೊ ಮತ್ತು ಬೇರಿಂಗ್‌ಗಳ ಸವೆತ ಆರಂಭವಾಗಿರುತ್ತದೆ. ಹಳೆಯ ವಾಹನದಲ್ಲಿ ಆಯಿಲ್ ಇಳಿದರೆ ಭಯ. ಹೊಸದರಲ್ಲಿ ಏರಿದರೂ ಭಯ. ಈ ಒಂದು ಮಾತನ್ನು ಮಾರಾಟದ ವೇಳೆ ಎಷ್ಟು ಶೋರೂಂಗಳು ಗಿರಾಕಿಗೆ ಕನ್ನಡದಲ್ಲಿ ವಿವರಿಸುತ್ತವೆ?

ಯೂರಿಯಾ ದ್ರಾವಣದ್ದು ಇನ್ನೊಂದು ಕತೆ. ಇದು ಶೇ 32.5ರಷ್ಟು ಶುದ್ಧ ಯೂರಿಯಾ ಇರುವ ದ್ರಾವಣ. ಉಳಿತಾಯದ ಆಸೆಯಿಂದ ಗೊಬ್ಬರದ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಸುರಿದರೆ ನಳಿಕೆ ಕಟ್ಟಿಕೊಂಡು, ದುಬಾರಿ ಕ್ಯಾಟಲಿಸ್ಟ್ ಹಾಳಾಗುತ್ತದೆ. 2015ರಿಂದ ರೈತರಿಗೆ ದೊರೆಯುವ ಸಬ್ಸಿಡಿ ಯೂರಿಯಾಕ್ಕೆ ಬೇವಿನ ಎಣ್ಣೆಯ ಲೇಪ ಕಡ್ಡಾಯವಾಗಿದೆ. ಅದನ್ನು ಬೇರೆ ಕೆಲಸಕ್ಕೆ ತಿರುಗಿಸುವುದು ಅಪರಾಧವೂ ಹೌದು.

ಆಸ್ಟ್ರೇಲಿಯದ ಪಾಠ

‘ನಿಮ್ಮ ಚಾಲನೆಯ ರೀತಿ ಸರಿಯಿಲ್ಲ’ ಎಂಬುದು ಡಿಪಿಎಫ್ ಕಟ್ಟಿಕೊಂಡಾಗ ಮಾಲೀಕನಿಗೆ ಸಾಮಾನ್ಯವಾಗಿ ಸಿಗುವ ಉತ್ತರ. ಆದರೆ ಅದು ಎಲ್ಲ ಸಂದರ್ಭದಲ್ಲೂ ಪೂರ್ಣ ಸತ್ಯವಲ್ಲ ಎಂಬುದನ್ನು ಆಸ್ಟ್ರೇಲಿಯದ ಪ್ರಕರಣವೊಂದು ತೋರಿಸಿತು. ಅಲ್ಲಿ 2015ರ ಅಕ್ಟೋಬರ್‌ನಿಂದ 2020ರ ಏಪ್ರಿಲ್‌ವರೆಗೆ ಮಾರಾಟವಾದ ಟೊಯೊಟಾ ಹೈಲಕ್ಸ್ ಪಿಕಪ್, ಫಾರ್ಚುನರ್ ಮತ್ತು ಪ್ರಾಡೊ ಸೇರಿ 2,64,170 ಡೀಸೆಲ್ ವಾಹನಗಳ ಪರವಾಗಿ ಸಾಮೂಹಿಕ ದಾವೆ ಹೂಡಲಾಯಿತು. ಬಿಳಿ ಹೊಗೆ, ಮತ್ತೆ ಮತ್ತೆ ಹೊತ್ತುವ ಎಚ್ಚರಿಕೆ ದೀಪ, ಹೆಚ್ಚುವ ಇಂಧನ ಬಳಕೆ ಮಾಲೀಕರ ದೂರುಗಳಾಗಿದ್ದವು.

2022ರ ಏಪ್ರಿಲ್‌ನಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ, ಶೋಧಕ ವ್ಯವಸ್ಥೆಯ ವಿನ್ಯಾಸದಲ್ಲೇ ದೋಷವಿತ್ತು ಎಂದು ತೀರ್ಮಾನಿಸಿತು. ಸ್ವಾರಸ್ಯವೆಂದರೆ ಆ ದೋಷ ತಲೆದೋರುತ್ತಿದ್ದುದು ನಿಂತು ನಿಂತು ಓಡಿಸಿದಾಗ ಅಲ್ಲ, ಗಂಟೆಗೆ ಸುಮಾರು 100 ಕಿ.ಮೀ. ವೇಗದಲ್ಲಿ ನಿರಂತರ ಓಡಿಸಿದಾಗ. ಅಂದರೆ, ‘ಹೆದ್ದಾರಿಯಲ್ಲಿ ಓಡಿಸಿ, ಸರಿಹೋಗುತ್ತದೆ’ ಎಂಬ ಪ್ರಚಲಿತ ಸಲಹೆಗೆ ತದ್ವಿರುದ್ಧ. ವಾಹನಗಳ ಮೌಲ್ಯ ಶೇ 17.5ರಷ್ಟು ಕುಗ್ಗಿತ್ತೆಂದು ನ್ಯಾಯಾಲಯ ಹೇಳಿತು. 2023ರ ಮೇಲ್ಮನವಿಯಲ್ಲಿ ಅದು ಶೇ 10ಕ್ಕೆ ಇಳಿಯಿತು. ಕಂಪೆನಿ 2020ರಲ್ಲಿ ಒದಗಿಸಿದ ಉಚಿತ ದುರಸ್ತಿಯನ್ನೂ ಪರಿಹಾರದ ಲೆಕ್ಕದಲ್ಲಿ ಗಮನಿಸಬಹುದೆಂದು 2024ರ ನವೆಂಬರ್‌ನಲ್ಲಿ ಹೈಕೋರ್ಟ್ ಅಭಿಪ್ರಾಯಪಟ್ಟಿತು. ಆಸ್ಟ್ರೇಲಿಯದಲ್ಲಿ ಹೈಕೋರ್ಟೇ ಅತ್ಯುನ್ನತ ನ್ಯಾಯಾಲಯ. ಮೊತ್ತ ಎಷ್ಟೇ ಇರಲಿ, ಒಬ್ಬೊಬ್ಬರೇ ಹೋಗಿದ್ದರೆ ‘ಚಾಲಕನ ತಪ್ಪು’ ಎಂದು ಮುಗಿಯಬಹುದಾಗಿದ್ದ ದೂರು, ಒಟ್ಟಾಗಿ ಹೋದುದರಿಂದ ‘ವಿನ್ಯಾಸದ ದೋಷ’ ಎಂದು ಸಾಬೀತಾಯಿತು.

ಅಮೆರಿಕದ ಪಂಪ್ ವಿವಾದ

ಇಂಧನ ಪಂಪ್ ಎಂದರೆ ಬೆಂಗಳೂರಿಗರಿಗೆ ‘ಮೈಕೋ’ ನೆನಪಾಗುತ್ತದೆ. 1951ರಲ್ಲಿ ಸ್ಥಾಪನೆಯಾದ ಆ ಸಂಸ್ಥೆ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡರೂ ಮೈಕೋ ಲೇಔಟ್ ಹಾಗೆಯೇ ಉಳಿದಿದೆ. ಇದೇ ಬಾಷ್ ಸಮೂಹ ವಿನ್ಯಾಸಗೊಳಿಸಿದ ‘ಸಿಪಿ4’ ಎಂಬ ಅಧಿಕ ಒತ್ತಡದ ಪಂಪ್ ಅಮೆರಿಕದ ಪಿಕಪ್ ಮಾಲೀಕರ ದೀರ್ಘ ಹೋರಾಟಕ್ಕೆ ಕಾರಣವಾಯಿತು. ಪಂಪ್ ಒಳಗೆ ಸವೆತವಾಗಿ ಲೋಹದ ಚೂರುಗಳು ಇಂಧನದೊಡನೆ ಇಂಜೆಕ್ಟರ್‌ಗಳವರೆಗೂ ಹರಡುತ್ತವೆ, ಆಗ ಪಂಪ್ ಒಂದನ್ನೇ ಬದಲಿಸಿದರೆ ಸಾಲದು, ಇಡೀ ಇಂಧನ ವ್ಯವಸ್ಥೆಯನ್ನೇ ಬದಲಿಸಬೇಕಾಗುತ್ತದೆ ಎಂಬುದು ಅವರ ಅಳಲು. ಅಮೆರಿಕದ ಡೀಸೆಲ್‌ನ ಜಾರುಗುಣದ ಮಾನದಂಡ ಯುರೋಪಿನಷ್ಟು ಬಿಗಿಯಾಗಿಲ್ಲ; ಅಂಥ ಇಂಧನಕ್ಕೆ ಈ ಪಂಪ್ ಒಗ್ಗದು ಎಂದು ಅವರು ವಾದಿಸಿದರು.

2021ರಲ್ಲಿ ರಾಮ್ ಪಿಕಪ್‌ಗಳ ತಯಾರಕರು ಇದೇ ಕಾರಣಕ್ಕೆ ಸುಮಾರು 2.22 ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಸಿದರು. ಜನರಲ್ ಮೋಟಾರ್ಸ್ 2011ರಿಂದ 2016ರ ಮಾದರಿಗಳಿಗೆ ಸಂಬಂಧಿಸಿದ ದಾವೆಯನ್ನು 2024ರಲ್ಲಿ 5 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ನಮ್ಮ ಹಂತ-6 ಡೀಸೆಲ್‌ನ ಜಾರುಗುಣದ ಮಾನದಂಡ ಯುರೋಪಿನದಕ್ಕೆ ಸಮನಾಗಿದೆ ಎಂಬುದು ಸಮಾಧಾನದ ಸಂಗತಿ. ಆದರೆ ಸೀಮೆಎಣ್ಣೆ ಬೆರೆತ ಡೀಸೆಲ್‌ಗೆ ಯಾವ ಮಾನದಂಡವೂ ರಕ್ಷೆಯಲ್ಲ.

ವಿಶ್ವಾಸಾರ್ಹತೆಯ ಹೆಸರಿನಲ್ಲಿ ಮಾಲಿನ್ಯ ನಿಯಂತ್ರಣವನ್ನೇ ಕೈಬಿಡಬೇಕೆಂಬ ವಾದ ಮಾತ್ರ ಅಪಾಯಕಾರಿ. ರಾಮ್ ಪಿಕಪ್‌ಗಳಿಗೆ ಎಂಜಿನ್ ಒದಗಿಸುವ ಕಮಿನ್ಸ್ ಕಂಪೆನಿ, ಪರೀಕ್ಷೆಯನ್ನು ವಂಚಿಸುವ ತಂತ್ರಾಂಶ ಅಳವಡಿಸಿದ ಆರೋಪದ ಮೇಲೆ 2023ರ ಡಿಸೆಂಬರ್‌ನಲ್ಲಿ 167.5 ಕೋಟಿ ಡಾಲರ್ ದಂಡ ತೆರಲು ಒಪ್ಪಬೇಕಾಯಿತು. ಇತ್ತ, ಯೂರಿಯಾ ದ್ರಾವಣ ಮುಗಿದೊಡನೆ ಎಂಜಿನ್ ಶಕ್ತಿ ಥಟ್ಟನೆ ಕುಸಿಯುವಂತಿರಬಾರದು ಎಂದು 2025ರ ಆಗಸ್ಟ್‌ನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಮಾರ್ಗಸೂಚಿ ನೀಡಿತು. 2027ರ ಮಾದರಿಗಳಿಂದ ಇದು ಅನ್ವಯ. ಹೊಗೆಯ ಮಿತಿ ಸಡಿಲಿಸದೆಯೂ ಚಾಲಕನನ್ನು ನಡುರಸ್ತೆಯಲ್ಲಿ ಕೈಬಿಡದಿರಲು ಸಾಧ್ಯ ಎಂಬುದು ಇದರ ಇಂಗಿತ.

ನಮ್ಮಲ್ಲಿ ದಾರಿ ಯಾವುದು?

ಭಾರತದಲ್ಲಿ ಕಾನೂನು ಇಲ್ಲವೆಂದಲ್ಲ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ, ದೋಷಯುಕ್ತ ವಾಹನಗಳನ್ನು ಹಿಂದಕ್ಕೆ ಕರೆಸುವಂತೆ ತಯಾರಕರಿಗೆ ಆದೇಶಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ದಂಡ 10 ಲಕ್ಷ ರೂಪಾಯಿಯಿಂದ 1 ಕೋಟಿ ರೂಪಾಯಿವರೆಗೆ. ಅದಕ್ಕೂ ಮುನ್ನ, 2012ರಿಂದ, ಎಲ್ಲವೂ ತಯಾರಕರ ಸಂಘದ ಸ್ವಯಂಪ್ರೇರಿತ ಸಂಹಿತೆಯನ್ನೇ ಅವಲಂಬಿಸಿತ್ತು. ತಯಾರಕರು ತಾವಾಗಿಯೇ ಮುಂದೆ ಬಂದ ನಿದರ್ಶನಗಳೂ ಇವೆ: ನಾಸಿಕ್ ಘಟಕಕ್ಕೆ ಕಲುಷಿತ ಇಂಧನ ಸರಬರಾಜಾದ ಕಾರಣ 2021ರಲ್ಲಿ ಮಹೀಂದ್ರ ಕಂಪೆನಿ 600ಕ್ಕಿಂತ ಕಡಿಮೆ ಡೀಸೆಲ್ ವಾಹನಗಳನ್ನು ಪರಿಶೀಲಿಸಿ ಎಂಜಿನ್ ಬದಲಿಸಿಕೊಡುವುದಾಗಿ ಪ್ರಕಟಿಸಿತು.

ಇನ್ನು ಗ್ರಾಹಕ ಆಯೋಗ. ‘ನಿಮ್ಮದು ವಾಣಿಜ್ಯ ವಾಹನ, ನೀವು ಗ್ರಾಹಕರಲ್ಲ’ ಎಂಬ ಮಾತಿಗೆ ಪಿಕಪ್ ಮಾಲೀಕರು ಬೆದರಬೇಕಿಲ್ಲ. ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕೆಂದೇ ಕೊಂಡು ಬಳಸುವ ಸರಕು ‘ವಾಣಿಜ್ಯ ಉದ್ದೇಶ’ದ ವ್ಯಾಪ್ತಿಗೆ ಬರುವುದಿಲ್ಲವೆಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸ್ಪಷ್ಟಪಡಿಸಿದೆ. ದೂರಿಗೆ ಎರಡು ವರ್ಷಗಳ ಕಾಲಮಿತಿ ಇದೆ. ಒಂದೇ ಬಗೆಯ ಕುಂದಿಗೆ ತುತ್ತಾದ ಹಲವರ ಪರವಾಗಿ ಒಬ್ಬರೇ ದೂರು ಸಲ್ಲಿಸಲೂ ಅವಕಾಶವಿದೆ.

ತೊಡಕು ಇರುವುದು ಸಾಕ್ಷ್ಯದಲ್ಲಿ. ತಯಾರಿಕಾ ದೋಷ ಎಂದು ತೋರಿಸಲು ತಜ್ಞರ ವರದಿ ಬೇಕಾಗುತ್ತದೆ. ಎಂಜಿನ್ನಿನ ಕಂಪ್ಯೂಟರ್‌ನಲ್ಲಿ ದಾಖಲಾದ ಮಾಹಿತಿ ಓದುವ ಸಾಧನ ಅಧಿಕೃತ ಸರ್ವಿಸ್ ಕೇಂದ್ರದ ಕೈಯಲ್ಲಿರುತ್ತದೆ. ಅಂದರೆ ಪ್ರತಿವಾದಿಯ ಪೆಟ್ಟಿಗೆಯಲ್ಲೇ ವಾದಿಯ ಪುರಾವೆ! ಆದುದರಿಂದ ಪ್ರತಿ ಭೇಟಿಯ ಜಾಬ್ ಕಾರ್ಡ್, ಸ್ಕ್ಯಾನ್ ವರದಿಯ ಪ್ರತಿ, ಡೀಸೆಲ್ ಮತ್ತು ಆಯಿಲ್ ರಸೀದಿಗಳನ್ನು ಕೇಳಿ ಪಡೆದು ಇಟ್ಟುಕೊಳ್ಳುವುದು ಮಾಲೀಕನ ಮೊದಲ ರಕ್ಷೆ. ಬೇಸತ್ತು ಡಿಪಿಎಫ್ ಕಿತ್ತೆಸೆಯುವ ಯೋಚನೆ ಬೇಡ. ಅದು ಕಾನೂನುಬಾಹಿರ ಮಾತ್ರವಲ್ಲ, ವಾರಂಟಿಯನ್ನೂ ಕೇಸನ್ನೂ ಒಟ್ಟಿಗೆ ಕಳೆದುಕೊಳ್ಳುವ ದಾರಿ.

ಸರ್ಕಾರದ ಹೊಣೆಯೂ ಇದೆ. ಅಮೆರಿಕದಲ್ಲಿ ಹೆದ್ದಾರಿ ಸುರಕ್ಷತಾ ಸಂಸ್ಥೆಗೆ ಬರುವ ದೂರುಗಳನ್ನು ಮಾದರಿವಾರು ಯಾರು ಬೇಕಾದರೂ ಓದಬಹುದು. ಹತ್ತು ಜನರ ಬಿಡಿ ಬಿಡಿ ಗೋಳು ಒಂದು ದೋಷದ ಚಿತ್ರವಾಗಿ ಕಾಣುವುದು ಆಗಲೇ. ನಮ್ಮಲ್ಲಿಯೂ ವಾಹನ ದೂರುಗಳನ್ನು ಮಾಲೀಕರ ಗುರುತು ಮರೆಮಾಚಿ, ಮಾದರಿ ಮತ್ತು ವರ್ಷವಾರು ಪ್ರಕಟಿಸಬೇಕು. ಎಚ್ಚರಿಕೆ ದೀಪಗಳ ಅರ್ಥವನ್ನು ಪ್ರಾದೇಶಿಕ ಭಾಷೆಯಲ್ಲಿ ವಾಹನದೊಡನೆಯೇ ಕೊಡುವುದನ್ನು ಕಡ್ಡಾಯಗೊಳಿಸಬೇಕು. ಜಿಲ್ಲೆಗೊಂದರಂತೆ ಸ್ವತಂತ್ರ ತಪಾಸಣೆಯ ಸೌಲಭ್ಯ ದೊರೆತರೆ ತಜ್ಞರ ವರದಿಗಾಗಿ ಅಲೆದಾಟ ತಪ್ಪೀತು.

ಶುದ್ಧ ಗಾಳಿ ಎಲ್ಲರಿಗೂ ಬೇಕು. ಆದರೆ ಅದರ ಬೆಲೆಯನ್ನು ಸಾಲದ ಕಂತು ಕಟ್ಟುವ ಪಿಕಪ್ ಚಾಲಕನೊಬ್ಬನೇ ತೆರುವುದು ನ್ಯಾಯವಲ್ಲ. ಎಂಜಿನ್ ವಿನ್ಯಾಸ ಮಾಡಿದವರು, ಅದಕ್ಕೆ ಪ್ರಮಾಣಪತ್ರ ನೀಡಿದವರು, ಮಾರಿದವರು ತಮ್ಮ ಪಾಲಿನ ಹೊಣೆ ಹೊತ್ತಾಗ ಮಾತ್ರ ಆ ಹಳದಿ ದೀಪದ ಭಯ ಕಡಿಮೆಯಾದೀತು.