ಚಂದ್ರಿ ಯಾರ ಸಂಬಂಧಿ?

‘ಸಂಸ್ಕಾರ’ದ ಚರ್ಚೆ ಎಲ್ಲಿಂದ ಶುರುವಾದರೂ ಪ್ರಾಣೇಶಾಚಾರ್ಯರ ತೊಳಲಾಟಕ್ಕೇ ಬಂದು ನಿಲ್ಲುತ್ತದೆ. ಅನಂತಮೂರ್ತಿಯವರ 1965ರ ಕಾದಂಬರಿಯಿರಲಿ, ಪಟ್ಟಾಭಿರಾಮ ರೆಡ್ಡಿಯವರ 1970ರ ಸಿನಿಮಾ ಇರಲಿ, ಇದೇ ಚಾಳಿ. ನಾರಣಪ್ಪನ ಹೆಣಕ್ಕೆ ಕೊನೆಗೂ ಬೆಂಕಿ ಕೊಟ್ಟವರು ಯಾರೆಂಬುದು ಅಡಿಟಿಪ್ಪಣಿಯಾಗಿಬಿಡುತ್ತದೆ.

ಅಗ್ರಹಾರದಲ್ಲಿ ನಾರಣಪ್ಪನಿಗೆ ಸಂಬಂಧಿಕರಿರಲಿಲ್ಲವೇ? ಗರುಡಾಚಾರ್ಯ, ಲಕ್ಷ್ಮಣಾಚಾರ್ಯ ಇಬ್ಬರೂ ಇದ್ದರು. ಚಂದ್ರಿ ಒಡವೆ ಬಿಚ್ಚಿಡುವವರೆಗೆ ಸಂಸ್ಕಾರದ ಹೊಣೆ ಒಬ್ಬರಿಂದೊಬ್ಬರಿಗೆ ದಾಟಿಸುವ ಕೆಂಡ. ಬಿಚ್ಚಿಟ್ಟ ಮೇಲೆ ಅದೇ ಹಕ್ಕು! ತಾಳಿಯಿಲ್ಲದ, ಕುಲ ಕೂಡದ ಚಂದ್ರಿ ಮಾತ್ರ ಅಹಮದ್ ಬ್ಯಾರಿಯ ನೆರವಿನಿಂದ ರಾತ್ರೋರಾತ್ರಿ ಹೆಣ ಸುಟ್ಟಳು. ಮಂತ್ರವಿಲ್ಲ, ಗೋತ್ರವಿಲ್ಲ. ಕೆಲಸ ಆಯಿತು.

ಇನ್ನು ಆಚಾರ್ಯರ ಗೃಹಸ್ಥಧರ್ಮ. ರೋಗಿಷ್ಠೆ ಭಾಗೀರಥಿಯ ಕೈಹಿಡಿದದ್ದನ್ನು ತ್ಯಾಗವೆಂದು ಹೊಗಳುವವರೇ ಹೆಚ್ಚು. ಅವರು ದಿನವೂ ಅವಳ ಸೇವೆ ಮಾಡಿದ್ದು ನಿಜ (ಅಷ್ಟನ್ನೂ ಮಾಡದ ಗಂಡಂದಿರೇ ಹೆಚ್ಚು, ಒಪ್ಪೋಣ). ಆದರೆ ಆ ಮದುವೆ ನಡೆದದ್ದು ಅವಳ ಸುಖಕ್ಕಲ್ಲ, ಅವರ ಮೋಕ್ಷಕ್ಕೆ. ಅವಳು ತಪಸ್ಸಿನ ಸಾಮಗ್ರಿ. ಇನ್ನೊಂದು ಮದುವೆಯಾಗಿ ಎಂದವಳೂ ಅವಳೇ. ತನ್ನಿಂದ ಏನೂ ಆಗುತ್ತಿಲ್ಲವೆಂಬ ಅಪರಾಧಭಾವವನ್ನು ಹಾಸಿಗೆಯಲ್ಲಿ ಮಲಗಿದವಳ ಮೇಲೂ ಹೊರಿಸಿದ ಧರ್ಮ ಅದು.

ಅವಳ ಚಿತೆ ಉರಿಸಿ ಆಚಾರ್ಯರು ಊರು ಬಿಟ್ಟರು. ವಿಮರ್ಶಕರೂ ತಿರುಗಿ ನೋಡದೆ ಅವರ ಬೆನ್ನಿಗೇ ನಡೆದರು. ಕುಂದಾಪುರದ ಕಡೆ ಹೊರಟ ಚಂದ್ರಿಯ ಜೊತೆ ಯಾರೂ ಹೋಗಲಿಲ್ಲ.