ತಿಳಿದವನಿಲ್ಲದ ಅಂಗಡಿ



ಕಳೆದ ಬೇಸಿಗೆಯಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಡೆದ ಸಂಗತಿಯನ್ನು ಈ ಸಂಚಿಕೆಯಲ್ಲಿ ತಮ್ಮ ಗಮನಕ್ಕೆ ತರಬಯಸುತ್ತೇನೆ. ಮಠಕ್ಕೆ ನಡೆದುಕೊಳ್ಳುವ ಭಕ್ತರೊಬ್ಬರು ಅಲ್ಲಿ ಎರಡೂವರೆ ಎಕರೆ ಜಮೀನನ್ನು ಸಾಗು ಮಾಡಿಕೊಂಡಿದ್ದಾರೆ. ಒಂದು ಎಕರೆಯಲ್ಲಿ ಸಣ್ಣ ಈರುಳ್ಳಿ ಹಾಕಿದ್ದರು. ಗೆಡ್ಡೆ ಬಲಿಯುವ ಹೊತ್ತಿಗೆ ಸರಿಯಾಗಿ ಕೊಳವೆಬಾವಿಯ ಸ್ಟಾರ್ಟರಿನಲ್ಲಿದ್ದ ರಿಲೇ ಕೆಟ್ಟಿತು. ಅವರು ಪೇಟೆಗೆ ಹೋಗಿ, ಹೆಸರುವಾಸಿಯಾದ ಅಂಗಡಿಯೊಂದರ ಮುಂದೆ ನಿಂತು, "5 ಎಚ್.ಪಿ. ಮೋಟಾರಿನ ರಿಲೇ ಕೊಡಪ್ಪ" ಎಂದರು. ಒಳಗಿದ್ದ ಹುಡುಗನು ಕಂಪ್ಯೂಟರಿನಲ್ಲಿ ಹುಡುಕಿ, ಕಪಾಟಿನಿಂದ ಒಂದು ಡಬ್ಬಿಯನ್ನು ತೆಗೆದು, "ಇದೇ ಆಯ್ತದೆ ಕಣಣ್ಣ" ಎಂದು ಕೊಟ್ಟನು. ಬಿಲ್ಲೂ ಆಯಿತು. ಮನೆಗೆ ತಂದು ಕೂಡಿಸಿದರು, ಮೋಟಾರು ಓಡಿತು.

ರಿಲೇ ಎಂಬುದು ಸ್ಟಾರ್ಟರಿನೊಳಗೆ ಕುಳಿತ ಕಾವಲುಗಾರ. ಮೋಟಾರು ತನ್ನ ಮಿತಿಯನ್ನು ಮೀರಿ ವಿದ್ಯುತ್ತನ್ನು ಎಳೆಯತೊಡಗಿದರೆ ಅದು ಸಂಪರ್ಕವನ್ನು ಕಡಿದುಬಿಡಬೇಕು. ಅವರ ಮೋಟಾರು ಸಹಜವಾಗಿ ಎಳೆಯುತ್ತಿದ್ದುದು ಹತ್ತು ಆಂಪಿಯರಿನ ಆಸುಪಾಸು. ಹುಡುಗ ಕೊಟ್ಟ ರಿಲೇ ದೊಡ್ಡ ಮೋಟಾರಿನದು. ಅದರ ಕೆಳಮಿತಿಯೇ 20 ಆಂಪಿಯರ್. ಎಂಟು ದಿನ ಕಳೆದವು. ಪಂಪ್‌ಸೆಟ್ಟಿಗೆ ರಾತ್ರಿಯಲ್ಲಿ ವಿದ್ಯುತ್ತು ಬರುತ್ತಿದ್ದ ವಾರ ಅದು. ಒಂದು ರಾತ್ರಿ ಗಾಳಿಗೆ ಮೂರು ಫೇಸುಗಳಲ್ಲಿ ಒಂದು ಕಡಿದುಹೋಯಿತು. ಹಾಗಾದಾಗ ಓಡುತ್ತಿರುವ ಮೋಟಾರು ಉಳಿದೆರಡು ತಂತಿಗಳಲ್ಲಿ ಸುಮಾರು ಒಂದೂಮುಕ್ಕಾಲು ಪಟ್ಟು ವಿದ್ಯುತ್ತನ್ನು ಎಳೆಯುತ್ತದೆ. ಎಂದರೆ ಹದಿನೇಳು ಆಂಪಿಯರ್. ಇಪ್ಪತ್ತರವರೆಗೆ ಕಣ್ಣು ತೆರೆಯದ ಕಾವಲುಗಾರ ಸುಮ್ಮನೆ ಕುಳಿತಿದ್ದ. ಬೆಳಗಾಗುವ ವೇಳೆಗೆ ಮೋಟಾರಿನ ಸುರುಳಿ ಸುಟ್ಟು ಕರಿಯಾಗಿತ್ತು.

ಅದನ್ನು ಆರುನೂರು ಅಡಿ ಆಳದಿಂದ ಎತ್ತಿಸಿ, ಸುತ್ತಿಸಿ, ಮತ್ತೆ ಇಳಿಸುವುದಕ್ಕೆ ಹತ್ತು ದಿನ ಹಿಡಿಯಿತು; 18,000 ರೂಪಾಯಿ ಕೈಬಿಟ್ಟಿತು. ರಿಲೇಯ ಬೆಲೆ ಸಾವಿರದ ಚಿಲ್ಲರೆ. ಆ ಹತ್ತು ದಿನ ನೀರಿಲ್ಲದ ಈರುಳ್ಳಿ ಗೋಲಿಯ ಗಾತ್ರದಲ್ಲಿಯೇ ನಿಂತುಹೋಯಿತು. ಕೇರಳಕ್ಕೆ ಸಾಗಿಸುವ ವ್ಯಾಪಾರಿ ಹೊಲದ ಬದುವಿನ ಮೇಲೆ ನಿಂತು ನೋಡಿ, ಮಾತನಾಡದೆ ಹಿಂದಿರುಗಿದನು. ಮಗಳ ಕಾಲೇಜಿನ ಶುಲ್ಕಕ್ಕೆಂದು ಎಣಿಸಿಕೊಂಡಿದ್ದ ಬೆಳೆ ಅದು.

ಆ ರೈತರೊಡನೆ ನಾನೂ ಅಂಗಡಿಗೆ ಹೋಗಿದ್ದೆ. ಹುಡುಗನಿಗೆ ಹತ್ತೊಂಬತ್ತು ವರ್ಷವಿರಬಹುದು. ಕೇಳಿದ್ದಕ್ಕೆ ತಲೆ ತಗ್ಗಿಸಿ, "ಗಿರಾಕಿಗೆ ಇಲ್ಲ ಅನ್ಬೇಡ, ಗೊತ್ತಿಲ್ಲ ಅನ್ಬೇಡ ಅಂತ ಸಾವ್ಕಾರ್ರು ಹೇಳವ್ರೆ ಬುದ್ಧಿ" ಎಂದನು. ಸುಳ್ಳು ಹೇಳುವ ಹುಡುಗನಲ್ಲ ಅವನು. ಅವನಿಗೆ ಕಲಿಸಿದ್ದು ಅಷ್ಟೇ.

ಅಂಗಡಿಯ ಯಜಮಾನರ ಹಣೆಯಲ್ಲಿ ವಿಭೂತಿಯಿತ್ತು. ಗಲ್ಲಾಪೆಟ್ಟಿಗೆಯ ಮೇಲೆ ಬಸವಣ್ಣನವರ ಭಾವಚಿತ್ರಕ್ಕೆ ಹೂವಿನ ಹಾರವಿತ್ತು. ಇದನ್ನು ಬರೆಯುವುದು ನನಗೆ ಸುಖದ ಕೆಲಸವಲ್ಲ. ಆದರೆ ಚಾಮರಾಜನಗರ, ಗುಂಡ್ಲುಪೇಟೆಗಳಲ್ಲಿ ಈ ವ್ಯಾಪಾರವನ್ನು ಮಾಡುವವರಲ್ಲಿ ನಮ್ಮವರು ಅನೇಕರಿದ್ದಾರೆ. ಈ ಪತ್ರಿಕೆ ಅವರ ಮನೆಗಳಿಗೂ ಹೋಗುತ್ತದೆ. ಅವರಿಗಲ್ಲದೆ ಇನ್ನಾರಿಗೆ ಹೇಳಲಿ?

ಯಜಮಾನರ ಮಾತನ್ನೂ ನ್ಯಾಯವಾಗಿ ಕೇಳಬೇಕು. ಅವರ ತಂದೆಯವರ ಕಾಲದಲ್ಲಿ ಅಂಗಡಿಯಲ್ಲಿದ್ದುದು ಮೊಳೆ, ಬೀಗ, ಬಾಗಿಲ ಕೀಲು, ಎರಡು ಮೂರು ಅಳತೆಯ ಕಬ್ಬಿಣದ ಪೈಪು, ನೇಗಿಲ ಗುಳ, ಹಗ್ಗ. ಇಂದು ಸಾವಿರಾರು ಬಗೆಯ ಸಾಮಾನುಗಳಿವೆ, ದಿನಕ್ಕೊಂದು ಹೊಸದು ಬರುತ್ತದೆ. ಹುಡುಗರು ಆರು ತಿಂಗಳು ನಿಲ್ಲುವುದಿಲ್ಲ. ನಂಜನಗೂಡಿನ ಕಾರ್ಖಾನೆಗೋ ಬೆಂಗಳೂರಿಗೋ ಹೊರಟುಬಿಡುತ್ತಾರೆ. ಕಲಿಸಿದರೆ ಎದುರಿನ ಅಂಗಡಿಯವನು ಐನೂರು ಹೆಚ್ಚು ಕೊಟ್ಟು ಕರೆದುಕೊಳ್ಳುತ್ತಾನೆ. ಗಿರಾಕಿಗಳು ಫೋನಿನಲ್ಲಿ ದರವನ್ನು ತೋರಿಸಿ ಹತ್ತು ರೂಪಾಯಿಗೆ ಚೌಕಾಸಿ ಮಾಡುತ್ತಾರೆ. ತಿಳಿವಳಿಕೆಗೆ ಯಾರು ಬೆಲೆ ಕೊಡುತ್ತಾರೆ ಎಂದು ಅವರು ಕೇಳಿದರು. ಈ ಕೊನೆಯ ಪ್ರಶ್ನೆ ನಮ್ಮೆಲ್ಲರನ್ನೂ ತಟ್ಟುವಂಥದು. ನಾವೇ ಅಗ್ಗವನ್ನು ಅರಸಿ ಹೋಗಿ, ಆಮೇಲೆ ಅಂಗಡಿಯಲ್ಲಿ ಬಲ್ಲವರಿಲ್ಲವೆಂದು ದೂರುವುದು ಹೇಗೆ?

ಆದರೂ ಅವರ ಮಾತಿನಿಂದ ನನಗೆ ಸಮಾಧಾನವಾಗಲಿಲ್ಲ. ಸಾಮಾನು ಹೆಚ್ಚಿದಷ್ಟೂ ಬಲ್ಲವನ ಅಗತ್ಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಒಂದು ಪಿವಿಸಿ ಪೈಪನ್ನೇ ತೆಗೆದುಕೊಳ್ಳಿ. ಹೊಲಕ್ಕೆ ಹಾಕುವ "ಎರಡಿಂಚು" ಪೈಪಿನ ಹೊರ ವ್ಯಾಸ 63 ಮಿಲಿಮೀಟರ್. ಮನೆಯ ನಲ್ಲಿ ಕೆಲಸಕ್ಕೆ ಬರುವ ಮತ್ತೊಂದು ಮಾನದ "ಎರಡಿಂಚು" ಪೈಪಿನ ಹೊರ ವ್ಯಾಸ 60 ಮಿಲಿಮೀಟರಿಗೆ ತುಸು ಹೆಚ್ಚು. ಒಂದರ ಕಪ್ಲಿಂಗು ಇನ್ನೊಂದಕ್ಕೆ ಕೂಡುವುದಿಲ್ಲ. ತಿಳಿಯದವನು ಎರಡಕ್ಕೂ "ಎರಡಿಂಚು" ಎಂದೇ ಬಿಲ್ಲು ಬರೆಯುತ್ತಾನೆ. ತೋಟದಲ್ಲಿ ಗಾರೆಯವನೋ ಮಗನೋ ಅದನ್ನು ಬೆಂಕಿಗೆ ಕಾಯಿಸಿ ಹಿಗ್ಗಿಸಿ ತುರುಕುತ್ತಾನೆ. ಎರಡನೆಯ ತಿಂಗಳಿಗೆ ಸಂದು ಬಿಡುತ್ತದೆ. ಅರ್ಧ ಇಂಚಿನ ಬೋಲ್ಟು, ನಮ್ಮ ಆಚಾರಿಗಳ ಲೆಕ್ಕದಲ್ಲಿ ನಾಲ್ಕು ನೂಲು, ಅದರಲ್ಲಿಯೂ ಎರಡು ಬಗೆ. ಹಳೆಯ ಇಂಗ್ಲಿಷ್ ಮಾದರಿಯಲ್ಲಿ ಇಂಚಿಗೆ 12 ಸುತ್ತು ಮರೆ, ಅಮೆರಿಕದ ಮಾದರಿಯಲ್ಲಿ 13. ಬೇರೆ ನಟ್ಟನ್ನು ಕೊಟ್ಟರೆ ಮೊದಲ ಎರಡು ಸುತ್ತು ಸಲೀಸಾಗಿ ಹೋಗಿ, ಬಳಿಕ ಬಿಗಿದು ಮರೆಯೇ ಹಾಳಾಗುತ್ತದೆ.

ಇವು ಮಹಾವಿದ್ಯೆಗಳೇನೂ ಅಲ್ಲ. ಬೇರಿಂಗಿನ ಮೇಲೆ 6205 ಎಂದು ಕೊರೆದಿದ್ದರೆ, ಕೊನೆಯ ಎರಡು ಅಂಕಿಗಳನ್ನು ಐದರಿಂದ ಗುಣಿಸಿದರೆ ಒಳರಂಧ್ರದ ವ್ಯಾಸ ಸಿಕ್ಕಿತು: 25 ಮಿಲಿಮೀಟರ್. 6305 ಎಂದಿದ್ದರೂ ಒಳರಂಧ್ರ ಅಷ್ಟೇ; ಆದರೆ ಹೊರಗಿನ ವ್ಯಾಸ ಮೊದಲನೆಯದಕ್ಕೆ 52, ಎರಡನೆಯದಕ್ಕೆ 62. ಕೊನೆಯ ಅಂಕಿ 04 ಮತ್ತು ಅದಕ್ಕೆ ಮೇಲ್ಪಟ್ಟವಕ್ಕೆಲ್ಲ ಈ ಲೆಕ್ಕ ಸಾಮಾನ್ಯವಾಗಿ ಸಲ್ಲುತ್ತದೆ. ಮಗ್ಗಿ ಬಲ್ಲ ಹುಡುಗನಿಗೆ ಒಂದು ಮಧ್ಯಾಹ್ನದಲ್ಲಿ ಕಲಿಸಬಹುದಾದ ವಿಷಯ. ಕಲಿಸುವವರು ಬೇಕು, ಅಷ್ಟೇ.

ನನಗೆ ಇದನ್ನು ಕಲಿಸಿದವರು ಚಾಮರಾಜನಗರದ ಒಬ್ಬ ಹಿರಿಯ ಅಂಗಡಿಯವರು. ನಾನು ಮಠದ ಪಾಠಶಾಲೆಯಲ್ಲಿದ್ದ ದಿನಗಳು ಅವು. ಜಾತ್ರೆಗೆ ಎರಡು ದಿನವಿರುವಾಗ ದಾಸೋಹದ ಹಿಟ್ಟಿನ ಗಿರಣಿಯ ಬೆಲ್ಟು ಹರಿಯಿತು. ತರಲೆಂದು ನನ್ನನ್ನು ಕಳುಹಿಸಿದರು. ಅಂಗಡಿಯವರು "ಹಳೇದು ಎಲ್ಲಿ?" ಎಂದರು. ತಂದಿರಲಿಲ್ಲ. "ಹಂಗಾದ್ರೆ ಕೊಡಕ್ಕಾಗಲ್ಲ ಸ್ವಾಮಿ. ಅಳತೆ ತಪ್ಪಿದ್ರೆ ಜಾತ್ರೆ ದಿನ ನಿಮಗೆ ರೊಟ್ಟಿ ಇಲ್ಲ, ನನಗೆ ಪಾಪ" ಎಂದು ಬರಿಗೈಯಲ್ಲಿ ಕಳುಹಿಸಿಬಿಟ್ಟರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮರುದಿನ ಮೊದಲ ಬಸ್ಸಿಗೆ ಹರಿದ ಬೆಲ್ಟನ್ನು ಹೆಗಲಿಗೆ ಹಾಕಿಕೊಂಡು ಹೋದೆ. ಅವರು ಮಾಸಿದ ಅಕ್ಷರಗಳನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ ತೋರಿಸಿದರು. ಬಿ ಎಂಬುದು ಅಗಲದ ಗುರುತು, 17 ಮಿಲಿಮೀಟರ್. ಮುಂದಿನ ಅಂಕಿ ಒಳಸುತ್ತಿನ ಉದ್ದ, ಇಂಚಿನಲ್ಲಿ. ರಾಟೆಯಲ್ಲಿ ಎರಡು ಬೆಲ್ಟುಗಳಿದ್ದರೆ ಎರಡನ್ನೂ ಒಟ್ಟಿಗೆ ಬದಲಾಯಿಸಬೇಕು, ಇಲ್ಲದಿದ್ದರೆ ಹೊಸದರ ಮೇಲೆಯೇ ಭಾರವೆಲ್ಲ ಬೀಳುತ್ತದೆ ಎಂದೂ ಹೇಳಿದರು. ವ್ಯಾಕರಣಶಾಸ್ತ್ರದ ಸೂತ್ರಗಳೆಷ್ಟೋ ಮರೆತುಹೋಗಿವೆ, ಇದು ಮರೆತಿಲ್ಲ.

ಹಿಂದಿನವರೆಲ್ಲ ಬಲ್ಲವರು, ಒಳ್ಳೆಯವರು ಎಂದು ನಾನು ಹೇಳುತ್ತಿಲ್ಲ. ತೂಕದಲ್ಲಿ ಮೊಳೆಯನ್ನು ಕದ್ದವರಿದ್ದರು. ತೆಳುವಾದ ಪೈಪನ್ನು ದಪ್ಪದ್ದೆಂದು ಮಾರಿದವರಿದ್ದರು. ದಲಿತ ಕೇರಿಯಿಂದ ಬಂದ ಗಿರಾಕಿಯನ್ನು ಮೆಟ್ಟಿಲ ಕೆಳಗೇ ನಿಲ್ಲಿಸಿ ಸಾಮಾನನ್ನು ದೂರದಿಂದ ನೀಡಿದವರನ್ನು ನಾನೇ ಕಂಡಿದ್ದೇನೆ. ಅವರಲ್ಲಿ ಕೊರಳಿಗೆ ಲಿಂಗ ಕಟ್ಟಿಕೊಂಡವರೂ ಇದ್ದರು. ಇಂದಿನ ಹುಡುಗ ಎಲ್ಲರನ್ನೂ ಅಣ್ಣ ಎಂದೇ ಕರೆಯುತ್ತಾನೆ. ಆ ಮಟ್ಟಿಗೆ ಅವನೇ ಮೇಲು. ಅವನಿಗೆ ಬೇಕಾಗಿರುವುದು ವಿದ್ಯೆ ಮಾತ್ರ.

ತೋಂಟದ ಸಿದ್ಧಲಿಂಗ ಯತಿಗಳ ಗುರುಗಳಾದ ಗೋಸಲ ಚೆನ್ನಬಸವೇಶ್ವರರ ಹರದನಹಳ್ಳಿ ಚಾಮರಾಜನಗರದ ಪಕ್ಕದಲ್ಲಿಯೇ ಇದೆ. ಹರದ ಎಂದರೆ ಹಳಗನ್ನಡದಲ್ಲಿ ವ್ಯಾಪಾರಿ. ಆ ದಾರಿಯಲ್ಲಿ ಹೋಗುವಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಶರಣರಲ್ಲಿ ವ್ಯಾಪಾರಿಗಳಿದ್ದರು, ಸೌರಾಷ್ಟ್ರದಿಂದ ಪುಲಿಗೆರೆಗೆ ಬಂದ ಆದಯ್ಯನವರು ವ್ಯಾಪಾರಕ್ಕೆಂದೇ ಬಂದವರು. ಮಾರುವುದನ್ನು ಶರಣಧರ್ಮ ಹೀನವೆಂದು ಎಣಿಸಲಿಲ್ಲ. ನುಲಿಯ ಚಂದಯ್ಯನವರು ಹುಲ್ಲನ್ನು ಕೊಯ್ದು ಹಗ್ಗ ಹೊಸೆದು ಮಾರಿ, ಅದರಿಂದ ಬಂದುದರಲ್ಲಿ ಜಂಗಮ ದಾಸೋಹವನ್ನು ನಡೆಸಿದರು. ಆ ಹಗ್ಗ ಬಾವಿಯ ಅರ್ಧದಲ್ಲಿ ಹರಿಯುವಂಥದಾಗಿದ್ದರೆ ಆ ದಾಸೋಹದ ಅನ್ನ ಯಾವ ಅನ್ನವಾಗುತ್ತಿತ್ತು? ಆಯ್ದಕ್ಕಿ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರಲು ಹೇಳಿದ ಪ್ರಸಂಗವನ್ನು ನಾವು ಪ್ರತಿ ಬಸವಜಯಂತಿಯಲ್ಲಿಯೂ ಭಾಷಣದಲ್ಲಿ ಕೇಳುತ್ತೇವೆ. ತಿಳಿಯದೆ ಕೊಟ್ಟ ಸಾಮಾನಿನಿಂದ ಗಲ್ಲಾಪೆಟ್ಟಿಗೆಗೆ ಬಿದ್ದ ಹಣ ಆ ಹೆಚ್ಚಿನ ಅಕ್ಕಿಗೆ ಸಮಾನವಲ್ಲವೇ ಎಂದು ಯಜಮಾನರನ್ನು ಕೇಳಿದೆ. ಅವರು ಸುಮ್ಮನಿದ್ದರು.

ನಷ್ಟ ಹಣದಲ್ಲಿಯೇ ಮುಗಿಯುತ್ತದೆಂದೂ ಇಲ್ಲ. ಗುಂಡ್ಲುಪೇಟೆ ಎರಡು ಹೆದ್ದಾರಿಗಳು ಕವಲೊಡೆಯುವ ಊರು. ಒಂದು ವಯನಾಡಿಗೆ, ಒಂದು ಗೂಡಲೂರು, ಊಟಿಯ ಕಡೆಗೆ. ಬಂಡೀಪುರದ ಕಾಡಿನ ದಾರಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ತೆರಕಣಾಂಬಿಯಿಂದ ತರಕಾರಿ ತುಂಬಿಕೊಂಡು ಬಂದ ಪಿಕಪ್ ಗಾಡಿಯವನು ಗೇಟು ಮುಚ್ಚುವುದರೊಳಗೆ ದಾಟಬೇಕೆಂಬ ಆತುರದಲ್ಲಿರುತ್ತಾನೆ. ಬ್ರೇಕ್ ಆಯಿಲ್ ಕಡಿಮೆಯಾಗಿದೆ ಎಂದು ಬಿಡಿಭಾಗದ ಅಂಗಡಿಯ ಮುಂದೆ ಗಾಡಿ ನಿಲ್ಲಿಸುತ್ತಾನೆ. ಅಂಥ ಗಾಡಿಗಳಿಗೆ ಬೇಕಾದುದು ಡಾಟ್ 3 ಅಥವಾ ಡಾಟ್ 4 ಎಂದು ಬರೆದ ದ್ರವ. ಹುಡುಗನು ತಿಳಿಯದೆ ಸ್ಟೇರಿಂಗಿನ ಎಣ್ಣೆಯನ್ನೋ ಬೇರಾವುದಾದರೂ ಖನಿಜ ತೈಲವನ್ನೋ ಕೊಟ್ಟರೆ, ಬ್ರೇಕಿನೊಳಗಿನ ರಬ್ಬರ್ ವಾಷರುಗಳು ಅದರಲ್ಲಿ ಊದಿಕೊಂಡು ಕೆಡುತ್ತವೆ. ಆ ಗಾಡಿ ಮುಂದೆ ಇಳಿಯಬೇಕಾದುದು ಘಾಟಿಯನ್ನು.

ಕಾನೂನೂ ಇದೆ. 2020ರ ಜುಲೈನಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ತಯಾರಕರು ಕೊಟ್ಟ ಎಚ್ಚರಿಕೆ ಮತ್ತು ಸೂಚನೆಗಳನ್ನು ಕೊಳ್ಳುವವನಿಗೆ ಮುಟ್ಟಿಸದೆ ಹಾನಿಯಾದರೆ ಮಾರಿದವನೂ ಹೊಣೆಗಾರನಾಗಬಹುದು. ಬಿಲ್ಲನ್ನು ಎಲ್ಲರೂ ಕೇಳಿ ಪಡೆದು ಜೋಪಾನವಾಗಿಡಿ. ಆದರೆ ಈರುಳ್ಳಿ ಒಣಗುತ್ತಿರುವಾಗ ಯಾವ ರೈತ ಆಯೋಗದ ಮೆಟ್ಟಿಲು ಹತ್ತುತ್ತಾನೆ?

ಆದುದರಿಂದ ಅಂಗಡಿಗಳ ಯಜಮಾನರಲ್ಲಿ ನನ್ನ ಬಿನ್ನಹವಿಷ್ಟು. ಹುಡುಗನಿಗೆ ಮೊಟ್ಟಮೊದಲು "ಗೊತ್ತಿಲ್ಲ, ಕೇಳಿ ಹೇಳುತ್ತೇನೆ" ಎನ್ನುವ ಸ್ವಾತಂತ್ರ್ಯವನ್ನು ಕೊಡಿ, ಹಾಗೆಂದುದಕ್ಕೆ ಗದರಬೇಡಿ. ಕೆಲಸ ಬಿಟ್ಟು ಮನೆಯಲ್ಲಿ ಕುಳಿತ ಹಳೆಯ ಕೈಗಳು ಎರಡೂ ಪಟ್ಟಣಗಳಲ್ಲಿವೆ. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಅವರನ್ನು ಕರೆಸಿ, ಗೌರವಧನ ಕೊಟ್ಟು, ಹುಡುಗರಿಗೆ ಪಾಠ ಹೇಳಿಸಿ. ಕಲಿತವನಿಗೆ ಕೂಲಿಯನ್ನು ಹೆಚ್ಚಿಸಿ. ಎದುರಿನ ಅಂಗಡಿಯವನು ಕರೆದೊಯ್ದರೂ ವಿದ್ಯೆ ಊರಿನಲ್ಲಿಯೇ ಉಳಿಯುತ್ತದೆ. ಐ.ಟಿ.ಐ. ಓದಿದ ನಮ್ಮ ಹುಡುಗರಿಗೆ ಕನ್ಯೆ ಕೊಡಲು ಹಿಂಜರಿಯುವ ಮನೆಗಳೂ ತುಸು ಯೋಚಿಸಲಿ. ಇನ್ನು ಕೊಳ್ಳಲು ಹೋಗುವವರು ಹಳೆಯ ಬಿಡಿಭಾಗವನ್ನು ಕೈಯಲ್ಲಿ ಹಿಡಿದೇ ಹೋಗಿ. ಅದು ಆಗದಿದ್ದರೆ ಅದರ ಮೇಲಿನ ಅಕ್ಷರಗಳ ಚಿತ್ರವನ್ನು ಫೋನಿನಲ್ಲಿ ತೆಗೆದುಕೊಂಡು ಹೋಗಿ.

ಆ ದಿನದ ಒಂದು ಮಾತು ಹೇಳುವುದು ಉಳಿದಿದೆ. ಯಜಮಾನರು ಖರ್ಚಿನ ಅರ್ಧವನ್ನು ಕೊಡಲು ಒಪ್ಪಿ ಒಳಗೆ ಹೋದರು. ಹುಡುಗನು ಮೆಲ್ಲಗೆ ಹತ್ತಿರ ಬಂದು, "ಆ ಆಂಪಿಯರ್ ಅನ್ನೋದು ಎಲ್ಲಿ ಬರ್ದಿರ್ತದೆ ಬುದ್ಧಿ?" ಎಂದನು. ನಾನು ಉತ್ತರ ಕೊಡುವುದಕ್ಕೆ ಮೊದಲೇ, ಬೆಳೆ ಕಳೆದುಕೊಂಡ ಆ ರೈತರು ಎದ್ದರು. ಕಪಾಟಿನಿಂದ ಎರಡು ರಿಲೇಗಳನ್ನು ತಾವೇ ತೆಗೆದು ಬೆಳಕಿಗೆ ಹಿಡಿದು, ಪಕ್ಕದಲ್ಲಿದ್ದ ಸಣ್ಣ ತಿರುಗಣೆಯ ಸುತ್ತ ಬರೆದ ಅಂಕಿಗಳ ಮೇಲೆ ಬೆರಳಿಟ್ಟು, "ಇಲ್ನೋಡು ಮಗ, ಇದು ನಂದು, ಇದು ನೀ ಕೊಟ್ಟಿದ್ದು" ಎಂದು ತೋರಿಸತೊಡಗಿದರು. ಹುಡುಗನು ಬಿಲ್ಲಿನ ಹಿಂಬದಿಯಲ್ಲಿ ಅದನ್ನು ಬರೆದುಕೊಂಡನು.